ಐದು ದಿನ ಎಂದರೆ ಮೂವತ್ತು ಮಾತ್ರೆ: ನ್ಯೂಜೆರ್ಸಿಯ ಡೆಂಟಲ್ ಬೋರ್ಡಿಗೆ ಒಂದು ಬಹಿರಂಗ ಪತ್ರ

ನ್ಯೂಜೆರ್ಸಿ ಸ್ಟೇಟ್ ಬೋರ್ಡ್ ಆಫ್ ಡೆಂಟಿಸ್ಟ್ರಿಯ ಸದಸ್ಯರಿಗೆ,
ಹಾಗೂ ಈ ರಾಜ್ಯದಲ್ಲಿ ಮಕ್ಕಳ ಬುದ್ಧಿಹಲ್ಲು ತೆಗೆಸಲು ಹೊರಟಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ. ಹೊಸದಾಗಿ ಬಂದ ನೋವಿಗೆ ಮೊದಲ ಸಲ ಓಪಿಯಾಯ್ಡ್ ಮಾತ್ರೆ (ಅಫೀಮಿನ ಜಾತಿಯ, ಚಟ ಹತ್ತಿಸಬಲ್ಲ ನೋವಿನ ಮಾತ್ರೆ) ಬರೆಯುವಾಗ ಐದು ದಿನಕ್ಕಿಂತ ಜಾಸ್ತಿ ಬರೆಯಬಾರದು ಎಂದು ನಮ್ಮ ರಾಜ್ಯದ ಕಾನೂನು ಹೇಳುತ್ತದೆ. ಹೈಡ್ರೋಕೋಡೋನ್ ಎಂಬ ಓಪಿಯಾಯ್ಡಿನ ಚೀಟಿಯಲ್ಲಿ ಸಾಮಾನ್ಯವಾಗಿ ಇರುವ ಸಾಲು ಇದು: ನೋವಿದ್ದರೆ ನಾಲ್ಕರಿಂದ ಆರು ಗಂಟೆಗೆ ಒಂದು. ನಾಲ್ಕು ಗಂಟೆಗೆ ಒಂದರಂತೆ ದಿನಕ್ಕೆ ಆರು. ಐದು ದಿನಕ್ಕೆ ಮೂವತ್ತು. ಹದಿನೆಂಟರ ಹುಡುಗನ ಬುದ್ಧಿಹಲ್ಲು ಕಿತ್ತು ಮೂವತ್ತು ಮಾತ್ರೆ ಕೈಗೆ ಕೊಟ್ಟರೂ ದಿನಗಳ ಮಿತಿ ಮುರಿದಂತೆ ಆಗುವುದಿಲ್ಲ.

ಈಗ ಇನ್ನೊಂದು ಸಂಖ್ಯೆ ನೋಡಿ. ಪಕ್ಕದ ಫಿಲಡೆಲ್ಫಿಯಾದಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಹಲ್ಲು ಕೀಳಿಸಿಕೊಂಡು ಹೋದವರನ್ನು ಮೂರು ವಾರ ವಿಚಾರಿಸುತ್ತಾ ಬಂದರು. 2016ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಓಪಿಯಾಯ್ಡ್ ಪಡೆದವರಿಗೆ ಸರಾಸರಿ 28 ಮಾತ್ರೆ ಸಿಕ್ಕಿತ್ತು. ಮೂರು ವಾರದ ನಂತರ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, ಶೇಕಡಾ 54ರಷ್ಟು, ಹಾಗೆಯೇ ಉಳಿದಿತ್ತು.

ಅಂದರೆ ಕಾನೂನು ಬರುವ ಮುಂಚೆ ಡಾಕ್ಟರುಗಳು ಅತಿಯಾಗಿ ಬರೆಯುತ್ತಿದ್ದಾರೆ ಎಂದು ನಾವೆಲ್ಲ ಬೈದುಕೊಳ್ಳುತ್ತಿದ್ದ ಕಾಲದ ಸರಾಸರಿ 28. ಕಾನೂನು ಬಂದ ಮೇಲಿನ ಮಿತಿ 30. ಈ ಮಿತಿ ಯಾರನ್ನು ತಡೆಯಿತು?

ಕಾನೂನು ಮಾಡಿದವರ ಉದ್ದೇಶದ ಬಗ್ಗೆ ನನಗೆ ಅನುಮಾನ ಇಲ್ಲ. 2017ರ ಫೆಬ್ರವರಿ 15ರಂದು ಗವರ್ನರ್ ಕ್ರಿಸ್ ಕ್ರಿಸ್ಟಿ ಸಹಿ ಹಾಕಿದಾಗ ಅದು ದೇಶದ ಬಿಗಿಯಾದ ಕಾನೂನುಗಳಲ್ಲಿ ಒಂದಾಗಿತ್ತು. ಮೇ ತಿಂಗಳಿಂದ ಜಾರಿಗೂ ಬಂತು. ಅದರಿಂದ ಒಳ್ಳೆಯದೂ ಆಗಿದೆ. ರೋಗಿಯ ಹಿಂದಿನ ಕಥೆ ಕೇಳಬೇಕು. ಚಟ ಹತ್ತುವ ಅಪಾಯವನ್ನು ಬಾಯಿಬಿಟ್ಟು ಹೇಳಬೇಕು. ಹದಿನೆಂಟು ತುಂಬದವರಾದರೆ ಅಪ್ಪ ಅಮ್ಮನ ಜೊತೆ ಮಾತಾಡಬೇಕು. ಬೇರೆ ಯಾರಾದರೂ ಡಾಕ್ಟರು ಇದೇ ರೋಗಿಗೆ ಇಂಥ ಮಾತ್ರೆ ಬರೆದಿದ್ದಾರೋ ಎಂದು ರಾಜ್ಯದ ಪ್ರಿಸ್ಕ್ರಿಪ್ಷನ್ ಮಾನಿಟರಿಂಗ್ ಕಂಪ್ಯೂಟರಿನಲ್ಲಿ ನೋಡಬೇಕು. ಸಾಕಾಗುವಷ್ಟು ಕಡಿಮೆ ಡೋಸ್ ಕೊಡಬೇಕು ಎಂಬ ಮಾತೂ ಅದರಲ್ಲಿದೆ. ಆದರೆ 'ಸಾಕಾಗುವಷ್ಟು' ಎಂದರೆ ಎಷ್ಟು ಎನ್ನುವುದು ಡಾಕ್ಟರಿಗೆ ಬಿಟ್ಟಿದ್ದು. ಐದು ಎನ್ನುವುದು ಅಂಕಿ. ಕ್ಲಿನಿಕ್ಕಿನ ಕಂಪ್ಯೂಟರ್‌ನಲ್ಲಿ ಹೋಗಿ ಕೂರುವುದು ಅಂಕಿಯೇ ಹೊರತು ಮಾತಲ್ಲ.

ಈ ಅಂಕಿಯ ಹುಚ್ಚು ನಮ್ಮ ರಾಜ್ಯದ್ದು ಮಾತ್ರ ಅಲ್ಲ. 2016ರಲ್ಲಿ ಮ್ಯಾಸಚೂಸೆಟ್ಸ್ ಮೊದಲು ಏಳು ದಿನ ಎಂದಿತು. ಅದೇ ವರ್ಷ ನ್ಯೂಯಾರ್ಕ್ ಕೂಡ ಏಳು ಎಂದಿತು. 2018ರಲ್ಲಿ ಫ್ಲಾರಿಡಾ ಮೂರು ಎಂದಿತು, ಕಾರಣ ಬರೆದರೆ ಏಳು. ಮಿನ್ನೆಸೋಟ ಮಾತ್ರ ಹಲ್ಲುನೋವನ್ನೇ ಹೆಸರಿಸಿ, ಬುದ್ಧಿಹಲ್ಲನ್ನೂ ಸೇರಿಸಿ, ನಾಲ್ಕು ದಿನ ಎಂದು ಬರೆಯಿತು. ಹಲ್ಲಿನ ನೋವು ಬೇರೆ, ಸೊಂಟದ ಆಪರೇಷನ್ನಿನ ನೋವು ಬೇರೆ ಎಂದು ಒಪ್ಪಿಕೊಂಡಿದ್ದಕ್ಕೆ ಅವರಿಗೆ ಒಂದು ನಮಸ್ಕಾರ. ಒಹಾಯೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದಿನಕ್ಕೆ ಸರಾಸರಿ ಎಷ್ಟು ಔಷಧ ಎಂಬುದಕ್ಕೂ ಮಿತಿ ಹಾಕಿತು: ಯಾವ ಓಪಿಯಾಯ್ಡ್ ಆದರೂ ಅದರ ಬಲವನ್ನು ಮಾರ್ಫಿನ್ನಿಗೆ ಹೋಲಿಸಿ ಅಳೆಯುವ ಲೆಕ್ಕದಲ್ಲಿ 30 ಮಿಲಿಗ್ರಾಂ. ಕೇಳಲು ಬಿಗಿಯಾಗಿದೆ. ಆದರೆ ಐದು ಮಿಲಿಗ್ರಾಂನ ಹೈಡ್ರೋಕೋಡೋನ್ ದಿನಕ್ಕೆ ಆರು ತೆಗೆದುಕೊಂಡರೆ ಸರಿಯಾಗಿ 30 ಆಗುತ್ತದೆ. ಅಲ್ಲಿ ದೊಡ್ಡವರಿಗೆ ಏಳು ದಿನ. ನಲವತ್ತೆರಡು ಮಾತ್ರೆ! ಎಲ್ಲರೂ ಬಾಗಿಲು ಹಾಕಿದ್ದಾರೆ, ಬಾಗಿಲು ಮಾತ್ರ ಆನೆ ನುಗ್ಗುವಷ್ಟು ಅಗಲ.

ನಾನು ಯಾರು ಎಂದು ಹೇಳಬೇಕಲ್ಲ. ದಾವಣಗೆರೆಯಲ್ಲಿ ಬಿಡಿಎಸ್ ಓದಿದವಳು. ಇಲ್ಲಿಗೆ ಬಂದ ಮೇಲೆ ಮತ್ತೆ ಡೆಂಟಲ್ ಸ್ಕೂಲಿಗೆ ಸೇರಿ, ಮತ್ತೆ ಪರೀಕ್ಷೆ ಬರೆದು, ನಿಮ್ಮ ಬೋರ್ಡಿನಿಂದಲೇ ಲೈಸೆನ್ಸ್ ಪಡೆದವಳು. ಈಗ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಎರಡು ದೇಶಗಳಲ್ಲಿ ಒಂದೇ ತರಹದ ಹಲ್ಲು ಕಿತ್ತವಳು ನಾನು. ದವಡೆಯ ಮೂಳೆ ಎರಡೂ ಕಡೆ ಒಂದೇ ತರಹ ಗಟ್ಟಿ. ವಸಡು ಒಂದೇ ತರಹ ಊದಿಕೊಳ್ಳುತ್ತದೆ. ಬೇರೆಯಾಗಿರುವುದು ಆಮೇಲೆ ಬರೆಯುವ ಚೀಟಿ.

ಊರಲ್ಲಿ ನಾವು ಬರೆಯುತ್ತಿದ್ದದ್ದು ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್. ಇಲ್ಲವೇ ಡೈಕ್ಲೋಫಿನ್ಯಾಕ್. ತೀರಾ ಕಷ್ಟವಾದರೆ ಕೆಟೊರೊಲ್ಯಾಕ್. ಕೆನ್ನೆಗೆ ಐಸ್ ಇಡಿ, ಎರಡು ದಿನ ಗಂಜಿ ಕುಡಿಯಿರಿ, ಸಿಗರೇಟ್ ಮುಟ್ಟಬೇಡಿ. ಇಷ್ಟೇ. ಕಾಂಬಿಫ್ಲಾಮ್ ಗೊತ್ತಿಲ್ಲದ ಕನ್ನಡ ಮನೆ ಇದೆಯೇ? ಬೆಂಗಳೂರಿನಿಂದ ಬರುವ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕದಲ್ಲೇ ಅದಕ್ಕೊಂದು ಜಾಗ ಇರುತ್ತದೆ. ಅದರೊಳಗೆ ಇರುವುದು 400 ಮಿಲಿಗ್ರಾಂ ಐಬುಪ್ರೊಫೆನ್, 325 ಮಿಲಿಗ್ರಾಂ ಪ್ಯಾರಾಸಿಟಮಾಲ್.

ಇದನ್ನು ಏಕೆ ಹೇಳುತ್ತಿದ್ದೇನೆ ಎಂದರೆ, ಬೋರ್ಡಿನ ಸದಸ್ಯರೇ, ನಿಮ್ಮ ಕಚೇರಿ ಇರುವ ನ್ಯೂಆರ್ಕ್ ಊರಿನಲ್ಲೇ ಇರುವ ರಟ್ಗರ್ಸ್ ಡೆಂಟಲ್ ಸ್ಕೂಲಿನವರು ಹೆಚ್ಚುಕಡಿಮೆ ಇದನ್ನೇ ಪರೀಕ್ಷೆಗೆ ಒಡ್ಡಿದರು. ಅವರ ನೇತೃತ್ವದಲ್ಲಿ ಐದು ಕಡೆ, 1,800ಕ್ಕೂ ಹೆಚ್ಚು ಜನರ ಬುದ್ಧಿಹಲ್ಲು ತೆಗೆದು, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹೈಡ್ರೋಕೋಡೋನ್ ಇರುವ ಮಾತ್ರೆ. ಇನ್ನೊಂದಕ್ಕೆ 400 ಮಿಲಿಗ್ರಾಂ ಐಬುಪ್ರೊಫೆನ್ ಜೊತೆ 500 ಮಿಲಿಗ್ರಾಂ ಅಸೆಟಮಿನೊಫೆನ್, ಅಂದರೆ ನಮ್ಮ ಪ್ಯಾರಾಸಿಟಮಾಲ್. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ. ನೋವು ಜೋರಾಗಿರುವ ಮೊದಲ ದಿನ, ಮೊದಲ ರಾತ್ರಿ, ಓಪಿಯಾಯ್ಡ್ ಇಲ್ಲದ ಗುಂಪಿನವರಿಗೇ ನೋವು ಕಡಿಮೆ ಇತ್ತು. ನಿದ್ದೆಯೂ ಅವರಿಗೇ ಚೆನ್ನಾಗಿ ಬಂತು. ತೃಪ್ತಿಯೂ ಅವರಿಗೇ ಜಾಸ್ತಿ.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಹಲ್ಲು ಕಿತ್ತ ಜಾಗದ ನೋವು ಬಹುಪಾಲು ಊತದಿಂದ ಬರುತ್ತದೆ. ಐಬುಪ್ರೊಫೆನ್ ಊತದ ಬುಡಕ್ಕೇ ಹೋಗುತ್ತದೆ. ಓಪಿಯಾಯ್ಡ್ ಮಿದುಳಿಗೆ ಹೋಗಿ ನೋವಿನ ಸುದ್ದಿಯನ್ನು ಮಸುಕು ಮಾಡುತ್ತದೆ, ಊತಕ್ಕೆ ಏನೂ ಮಾಡುವುದಿಲ್ಲ. ಜೊತೆಗೆ ವಾಂತಿ, ಮಲಬದ್ಧತೆ, ಮಂಪರು. ಬಾಯಲ್ಲಿ ಹೊಲಿಗೆ ಇರುವವನಿಗೆ ವಾಂತಿ ಬರಿಸುವ ಮಾತ್ರೆ ಕೊಡುವುದು ಎಂಥ ಜಾಣತನವೋ!

ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಕೂಡ 2018ರಲ್ಲಿ ಏಳು ದಿನದ ಮಿತಿಗೆ ಬೆಂಬಲ ಕೊಟ್ಟಿತ್ತು. ಆದರೆ ಅಲ್ಲಿಗೇ ನಿಲ್ಲಲಿಲ್ಲ. 2024ರಲ್ಲಿ ಅದು ಒಪ್ಪಿಕೊಂಡ ಮಾರ್ಗಸೂಚಿ ಹೀಗೆ ಹೇಳುತ್ತದೆ. ಹದಿಹರೆಯದವರಿಗೂ ದೊಡ್ಡವರಿಗೂ ಮೊದಲು ಐಬುಪ್ರೊಫೆನ್ ತರಹದ ಮಾತ್ರೆ, ಒಂದೇ ಅಥವಾ ಪ್ಯಾರಾಸಿಟಮಾಲ್ ಜೊತೆ. ಅದು ಸಾಲದಿದ್ದರೆ, ಇಲ್ಲವೇ ಅದನ್ನು ತಗೊಳ್ಳುವ ಹಾಗಿಲ್ಲದಿದ್ದರೆ ಮಾತ್ರ ಓಪಿಯಾಯ್ಡ್. 'ಯಾವುದಕ್ಕೂ ಇರಲಿ' ಎಂದು ಬರೆಯಲೇಬಾರದು. ಅಂದರೆ ವೃತ್ತಿಯವರೇ ಮುಂದೆ ಹೋಗಿಬಿಟ್ಟಿದ್ದಾರೆ. ರಾಜ್ಯದ ನಿಯಮ ಇನ್ನೂ 2017ರಲ್ಲೇ ನಿಂತಿದೆ.

ಈ 'ಯಾವುದಕ್ಕೂ ಇರಲಿ' ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನವರಿಗೆ ಇದು ಕಾಣುವುದಿಲ್ಲ.

2014ರ ಅಕ್ಟೋಬರ್ ತನಕ ಹೈಡ್ರೋಕೋಡೋನ್ ಬೆರೆತ ಮಾತ್ರೆಗಳು ಸರ್ಕಾರದ ನಿಯಂತ್ರಿತ ಔಷಧಗಳ ಪಟ್ಟಿಯಲ್ಲಿ ಮೂರನೇ ಶೆಡ್ಯೂಲಿನಲ್ಲಿ ಇದ್ದವು; ಅಂಕಿ ಚಿಕ್ಕದಾದಷ್ಟೂ ನಿಯಮ ಬಿಗಿ. ಡಾಕ್ಟರು ಫಾರ್ಮಸಿಗೆ ಫೋನು ಮಾಡಿ ಹೇಳಿದರೂ ಆಗುತ್ತಿತ್ತು, ರೀಫಿಲ್ ಕೂಡ ಕೊಡಬಹುದಿತ್ತು. ಆಮೇಲೆ ಕೇಂದ್ರ ಸರ್ಕಾರ ಅವನ್ನು ಎರಡನೇ ಶೆಡ್ಯೂಲಿಗೆ ಏರಿಸಿತು. ರೀಫಿಲ್ ಹೋಯಿತು, ಫೋನೂ ಹೋಯಿತು. ಶುಕ್ರವಾರ ಸಂಜೆ ಹಲ್ಲು ಕಿತ್ತರೆ ಶನಿವಾರ ರಾತ್ರಿ ನೋವೆಂದು ಫೋನು ಬರುತ್ತದೆ. ಕ್ಲಿನಿಕ್ ಮುಚ್ಚಿರುತ್ತದೆ. ಈ ತಾಪತ್ರಯವೇ ಬೇಡ ಎಂದು ಮೊದಲೇ ಜಾಸ್ತಿ ಬರೆದುಬಿಡುವುದು. ಮಿಷಿಗನ್‌ನಲ್ಲಿ ಆಪರೇಷನ್ ಆದವರ ಲೆಕ್ಕ ನೋಡಿದಾಗ, ಕಾನೂನು ಬಿಗಿಯಾದ ಮೇಲೆ ಮೊದಲ ಚೀಟಿಯ ಮಾತ್ರೆಗಳು ಕಡಿಮೆಯಾಗುವ ಬದಲು ಏರಿದ್ದವು. ಮದುವೆ ಮನೆ ಪಂಕ್ತಿಯಲ್ಲಿ ಮತ್ತೆ ಈ ಕಡೆ ಬರುತ್ತೇನೋ ಇಲ್ಲವೋ ಎಂದು ಒಂದೇ ಸಲ ನಾಲ್ಕು ಸೌಟು ಸುರಿದು ಹೋಗುತ್ತಾರಲ್ಲ, ಹಾಗೆ.

ನಮ್ಮ ರಾಜ್ಯದ ಕಾನೂನಿನಲ್ಲೂ ಇಂಥದೇ ಒಂದು ಗಂಟು ಇದೆ. ಮೊದಲ ಚೀಟಿ ಕೊಟ್ಟ ಮೇಲೆ ಎರಡನೆಯದನ್ನು ಕೊಡಲು ನಾಲ್ಕು ದಿನ ಕಳೆದಿರಬೇಕು. ಓದಿದರೆ ಒಳ್ಳೆಯ ನಿಯಮ. ಆದರೆ ಆರೇ ಮಾತ್ರೆ ಸಾಕು ಎಂದು ಬರೆಯುವ ಡಾಕ್ಟರಿಗೆ ಇದು ಹೆದರಿಕೆ ಹುಟ್ಟಿಸುತ್ತದೆ. ಎರಡನೇ ದಿನ ಖಾಲಿಯಾದರೆ ಏನು ಗತಿ? ಅದಕ್ಕಿಂತ ಇಪ್ಪತ್ತು ಬರೆದು ನಿಶ್ಚಿಂತೆಯಿಂದ ಇರೋಣ ಅನಿಸುತ್ತದೆ.

ಇದಕ್ಕೆ ಪರಿಹಾರ ಕಣ್ಣೆದುರೇ ಇದೆ. ಹಲ್ಲು ಕಿತ್ತ ದಿನ ಓಪಿಯಾಯ್ಡ್ ಬರೆಯಲೇಬೇಡಿ. ಸೊನ್ನೆ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಹೇಗೆ ತಗೊಳ್ಳಬೇಕು ಎಂದು ಗಂಟೆ ಸಮೇತ ಬರೆದುಕೊಡಿ. ನೂರರಲ್ಲಿ ಬಹಳ ಜನಕ್ಕೆ ಅಷ್ಟೇ ಸಾಕು. ಯಾರಿಗಾದರೂ ನಿಜವಾಗಲೂ ಸಾಲದೇ ಹೋದರೆ, ಶನಿವಾರ ರಾತ್ರಿ ಹತ್ತಕ್ಕೂ ನಾನು ಮನೆಯಿಂದಲೇ ಕಂಪ್ಯೂಟರಿನಲ್ಲಿ ಚೀಟಿ ಕಳುಹಿಸಬಹುದು. ಈಗ ಎರಡನೇ ಶೆಡ್ಯೂಲಿನ ಔಷಧವೂ ಹಾಗೆಯೇ ಹೋಗುತ್ತದೆ. ಅದು ಮೊದಲ ಚೀಟಿಯೇ ಆಗುವುದರಿಂದ ನಾಲ್ಕು ದಿನದ ಅಡ್ಡಿಯೂ ಇಲ್ಲ. ನಿಮ್ಮದೇ ಕಾನೂನಿನಲ್ಲಿ ಆರರಿಂದ ಶುರು ಮಾಡಿದವನಿಗಿಂತ ಸೊನ್ನೆಯಿಂದ ಶುರು ಮಾಡಿದವನಿಗೆ ಕೈ ಬಿಡುವು ಜಾಸ್ತಿ. ಇದನ್ನು ಡಾಕ್ಟರುಗಳಿಗೆ ಬಿಡಿಸಿ ಹೇಳಿದವರು ಯಾರೂ ಇಲ್ಲ. ಅದನ್ನು ಹೇಳಬೇಕಾದವರು ನೀವು.

ಸೊನ್ನೆಯಿಂದ ಶುರು ಮಾಡುವುದರಲ್ಲಿ ಇನ್ನೊಂದು ಲಾಭವಿದೆ. ಇದು ಕುರ್ಚಿಯ ಪಕ್ಕ ನಿಂತವರಿಗೆ ಮಾತ್ರ ಗೊತ್ತಾಗುವಂಥದ್ದು. ಸರಿಯಾಗಿ ಮಾಯುತ್ತಿರುವ ಗಾಯದ ನೋವು ಮೊದಲೆರಡು ದಿನ ಜೋರಾಗಿದ್ದು ಆಮೇಲೆ ಇಳಿಯುತ್ತಾ ಹೋಗುತ್ತದೆ. ಮೂರನೇ ದಿನವೋ ನಾಲ್ಕನೇ ದಿನವೋ ನೋವು ಏರಿ, ಕಿವಿಯ ತನಕ ಸೆಳೆಯತೊಡಗಿದರೆ ಅದಕ್ಕೆ ಕಾರಣ ಬೇರೆ ಇರುತ್ತದೆ. ಬಹಳ ಸಲ ಡ್ರೈ ಸಾಕೆಟ್. ಹಲ್ಲಿನ ಗುಳಿಯಲ್ಲಿ ಹೆಪ್ಪುಗಟ್ಟಿದ್ದ ರಕ್ತ ಕಿತ್ತುಹೋಗಿ ಮೂಳೆ ಬರಿದಾಗಿರುತ್ತದೆ. ಅದಕ್ಕೆ ಮದ್ದು, ಗುಳಿಯನ್ನು ತೊಳೆದು ಔಷಧದ ಪಟ್ಟಿ ಇಡುವುದು. ಸ್ವಲ್ಪ ಹೊತ್ತಿನಲ್ಲೇ ರೋಗಿಯ ಮುಖ ಅರಳುತ್ತದೆ. ಕೀವು ತುಂಬಿದ್ದರೆ ಅದಕ್ಕೆ ಬೇರೆ ಉಪಾಯ. ಮನೆಯಲ್ಲಿ ಹದಿನೈದು ಹೈಡ್ರೋಕೋಡೋನ್ ಇದ್ದವನು ಏನು ಮಾಡುತ್ತಾನೆ? ಎರಡು ನುಂಗಿ ಮಲಗುತ್ತಾನೆ. ನಮಗೆ ಫೋನೇ ಬರುವುದಿಲ್ಲ.

ಇನ್ನು ಉಳಿದ ಮಾತ್ರೆಗಳ ಕಥೆ. ನಿಮ್ಮ ಬೋರ್ಡು ಡಿವಿಷನ್ ಆಫ್ ಕನ್ಸ್ಯೂಮರ್ ಅಫೇರ್ಸ್ ಕೆಳಗೆ ಬರುತ್ತದೆ. ಅದೇ ಡಿವಿಷನ್ನು ಪ್ರಾಜೆಕ್ಟ್ ಮೆಡಿಸಿನ್ ಡ್ರಾಪ್ ಎಂದು ಪೊಲೀಸ್ ಠಾಣೆಗಳಲ್ಲಿ ಡಬ್ಬ ಇಟ್ಟು, ಜನರ ಮನೆಯಲ್ಲಿ ಉಳಿದ ಮಾತ್ರೆಗಳನ್ನು ವಾಪಸ್ ಪಡೆಯುತ್ತಿದೆ. ಒಂದೇ ಇಲಾಖೆ ಒಂದು ಬಾಗಿಲಲ್ಲಿ ಮೂವತ್ತು ಮಾತ್ರೆ ಹೊರಗೆ ಹೋಗಲು ಬಿಟ್ಟು, ಇನ್ನೊಂದು ಬಾಗಿಲಲ್ಲಿ ದಯವಿಟ್ಟು ಹದಿನೈದು ವಾಪಸ್ ಕೊಡಿ ಎಂದು ಕೇಳುತ್ತಿದೆ. ನಗು ಬರುತ್ತದೆ, ಅಲ್ವಾ?

ಅಪಾಯ ಎಷ್ಟು ಎಂಬ ಪ್ರಶ್ನೆಗೆ ಅಧ್ಯಯನಗಳು ಒಂದೇ ಉತ್ತರ ಕೊಡುವುದಿಲ್ಲ. 16ರಿಂದ 25ರ ವಯಸ್ಸಿನವರ ವಿಮೆ ದಾಖಲೆ ನೋಡಿದ ಒಂದು ಅಧ್ಯಯನದಲ್ಲಿ, ಹಲ್ಲಿನ ಡಾಕ್ಟರಿಂದ ಓಪಿಯಾಯ್ಡ್ ಪಡೆದವರ ಪೈಕಿ ಶೇಕಡಾ 6.9 ಮಂದಿ ಮೂರು ತಿಂಗಳು ಕಳೆದ ಮೇಲೂ ಒಂದು ವರ್ಷದೊಳಗೆ ಮತ್ತೆ ಅಂಥ ಮಾತ್ರೆ ತಗೊಂಡಿದ್ದರು. ಪಡೆಯದವರಲ್ಲಿ ಅದು 0.1. ಬುದ್ಧಿಹಲ್ಲು ಕೀಳಿಸಿಕೊಂಡವರನ್ನಷ್ಟೇ ನೋಡಿದ ಮಿಷಿಗನ್ನಿನವರ ಇನ್ನೊಂದು ಅಧ್ಯಯನದಲ್ಲಿ ಅಂತರ ಚಿಕ್ಕದು: 1.3, ಮತ್ತು 0.5. ಮೊದಲನೆಯದನ್ನೇ ಹಿಡಿದು ಹೆದರಿಸುವುದು ಸುಲಭ. ನನಗೆ ಎರಡನೆಯದೇ ಸಾಕು. ಬೇಡದ ಔಷಧದಿಂದ ನೂರಕ್ಕೆ ಸುಮಾರು ಒಂದು ಮಗು ಹೆಚ್ಚಾಗಿ ತೊಂದರೆಗೆ ಬಿದ್ದರೂ ಅದು ಸಣ್ಣ ಲೆಕ್ಕವೇನಲ್ಲ. ಯಾಕೆಂದರೆ ಈ ದೇಶದಲ್ಲಿ ಹದಿಹರೆಯದವರಿಗೆ ಮೊದಲ ಓಪಿಯಾಯ್ಡ್ ಸಿಗುವುದು ಬಹಳ ಸಲ ನಮ್ಮ ಕುರ್ಚಿಯಲ್ಲೇ. 2009ರ ಲೆಕ್ಕದಲ್ಲಿ 10ರಿಂದ 19 ವರ್ಷದವರಿಗೆ ಅತಿ ಹೆಚ್ಚು ಓಪಿಯಾಯ್ಡ್ ಚೀಟಿ ಬರೆದವರು ಹಲ್ಲಿನ ಡಾಕ್ಟರುಗಳು.

ಅಂದಿನಿಂದ ಚೀಟಿಗಳು ತುಂಬ ಇಳಿದಿವೆ, ಒಪ್ಪುತ್ತೇನೆ. ಇವತ್ತು ಜನ ಸಾಯುತ್ತಿರುವುದು ಬಹುಪಾಲು ಬೀದಿಯಲ್ಲಿ ಸಿಗುವ, ತುಂಬ ಬಲವಾದ ಓಪಿಯಾಯ್ಡ್ ಆದ ಕಳ್ಳ ಫೆಂಟನಿಲ್‌ನಿಂದ, ಡಾಕ್ಟರ ಚೀಟಿಯಿಂದ ಅಲ್ಲ. ಅದೂ ಗೊತ್ತು. ಆದರೂ 2016ರಲ್ಲಿ ಅಮೆರಿಕದ ಹಲ್ಲಿನ ಡಾಕ್ಟರುಗಳು ಬರೆದ ಎಲ್ಲ ಚೀಟಿಗಳಲ್ಲಿ ಶೇಕಡಾ 22.3 ಓಪಿಯಾಯ್ಡ್ ಆಗಿದ್ದವು. ಅದೇ ವರ್ಷ ಇಂಗ್ಲೆಂಡಿನಲ್ಲಿ 0.6. ಇಂಗ್ಲೆಂಡಿನವರ ಹಲ್ಲು ನೋಯುವುದಿಲ್ಲವೇ?

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಬಿಗಿ ಕಾನೂನು ಕುರುಡಾದರೆ ಏನಾಗುತ್ತದೆ ಎಂಬುದನ್ನು ನಾವು ಭಾರತದವರು ಕಂಡಿದ್ದೇವೆ. 1985ರಲ್ಲಿ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ನಿಯಂತ್ರಣದ ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ಗೋಜಲಿಗೆ, ಶಿಕ್ಷೆಗೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕ್ಯಾನ್ಸರ್ ರೋಗಿಗಳು ನೋವಿನಲ್ಲೇ ಸತ್ತರು. ಆ ಕಾಯ್ದೆ ಸಡಿಲವಾಗಲು 2014 ಬರಬೇಕಾಯಿತು. ಇನ್ನೊಂದು ಕಡೆ ಟ್ರಾಮಡಾಲ್ ಎಂಬ ಓಪಿಯಾಯ್ಡ್ ಬೇಕಾಬಿಟ್ಟಿ ಮಾರಾಟವಾಗುತ್ತಿತ್ತು, 2018ರಲ್ಲಿ ಅದನ್ನೂ ಅದೇ ಕಾಯ್ದೆಯೊಳಗೆ ತಂದರು. ಬಿಗಿ ಅತಿಯಾಗಿ ರೋಗಿಗಳು ನರಳಿದ್ದು ಅಮೆರಿಕದಲ್ಲೂ ಆಯಿತು. ಇಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಓಪಿಯಾಯ್ಡ್ ಬರೆಯುವ ಬಗ್ಗೆ 2016ರಲ್ಲಿ ಕೊಟ್ಟ ಸಲಹೆಯನ್ನು ಜನ ಕಲ್ಲಿನ ಶಾಸನ ಮಾಡಿಕೊಂಡರು. ವರ್ಷಗಟ್ಟಲೆ ನೋವು ತಿನ್ನುತ್ತಿದ್ದವರ ಮಾತ್ರೆಯನ್ನು ಕೆಲವು ಡಾಕ್ಟರುಗಳು ದಿಢೀರನೆ ನಿಲ್ಲಿಸಿದರು. 2022ರಲ್ಲಿ ಸಿಡಿಸಿಯೇ ಆ ಸಲಹೆಯನ್ನು ತಿದ್ದಿ, ಇದು ನಿಯಮವಲ್ಲ ಎಂದು ಹೇಳಬೇಕಾಯಿತು.

ಅದಕ್ಕೇ ನಾನು ನಿಷೇಧ ಕೇಳುತ್ತಿಲ್ಲ. ಕಿಡ್ನಿ ಕೆಟ್ಟವರಿಗೆ, ಹೊಟ್ಟೆಯಲ್ಲಿ ಹುಣ್ಣಿರುವವರಿಗೆ, ರಕ್ತ ತೆಳುವಾಗಿಸುವ ಔಷಧ ತಗೊಳ್ಳುವವರಿಗೆ ಐಬುಪ್ರೊಫೆನ್ ಕೊಡಲು ಆಗದೇ ಇರಬಹುದು. ದವಡೆ ಮುರಿದು ಬಂದವನಿಗೆ ಬುದ್ಧಿಹಲ್ಲಿನ ಲೆಕ್ಕ ಹಾಕಬಾರದು. ಅವರಿಗೆ ಓಪಿಯಾಯ್ಡ್ ಬೇಕಾದರೆ ಕೊಡಬೇಕು, ಧೈರ್ಯವಾಗಿ ಕೊಡಬೇಕು.

ನಾನು ಕೇಳುವುದು ಇಷ್ಟು. ಹಲ್ಲಿಗೆ ಪ್ರತ್ಯೇಕ ನಿಯಮ ಬರೆಯಿರಿ, ಅದರಲ್ಲಿ ದಿನ ಎಣಿಸುವ ಬದಲು ಮಾತ್ರೆ ಎಣಿಸಿ. ಹಲ್ಲು ಕಿತ್ತಾಗ ಮಾಮೂಲಿ ಸಂಖ್ಯೆ ಸೊನ್ನೆ ಎಂದು ಇರಲಿ. ಅದಕ್ಕಿಂತ ಜಾಸ್ತಿ ಬರೆಯುವವರು ಫೈಲಿನಲ್ಲಿ ಎರಡು ಸಾಲು ಕಾರಣ ಬರೆಯಲಿ, ಮತ್ತು ಎಂಟಕ್ಕೆ ನಿಲ್ಲಲಿ. ಎಂಟು ಏಕೆ? ಎರಡು ದಿನ, ಆರು ಗಂಟೆಗೆ ಒಂದು. ಇದು ನನ್ನ ಅಂದಾಜು. ನಿಮ್ಮಲ್ಲಿ ಬೇರೆ ಲೆಕ್ಕ ಇದ್ದರೆ ಹತ್ತು ಅನ್ನಿ, ನಾನು ಜಗಳಕ್ಕೆ ಬರುವುದಿಲ್ಲ. ಸಣ್ಣ ಚೀಟಿ ಬರೆದವರಿಗೆ ಆ ನಾಲ್ಕು ದಿನದ ಅಡ್ಡಿ ಹೇಗೆ ಅನ್ವಯಿಸುತ್ತದೆ ಎಂದು ಒಂದು ಪುಟದಲ್ಲಿ ಸ್ಪಷ್ಟ ಮಾಡಿ. ಬೋರ್ಡಿನಿಂದ ನೋಟಿಸ್ ಬಂದೀತು ಎಂಬ ಹೆದರಿಕೆಯಲ್ಲಿ ಯಾವ ಡಾಕ್ಟರೂ ಸರಿಯಾದ ಕೆಲಸ ಮಾಡುವುದಿಲ್ಲ.

ಸರ್ಜರಿ ಮಾಡಿದವರು ಆ ವಾರಾಂತ್ಯ ಫೋನಿಗೆ ಸಿಗಬೇಕು ಎಂಬುದನ್ನೂ ನಿಯಮಕ್ಕೆ ಸೇರಿಸಿ. ನನ್ನ ಪ್ರಕಾರ ಇದು ಮಾತ್ರೆಯ ಮಿತಿಗಿಂತ ಮುಖ್ಯ. ಡಾಕ್ಟರು ಸಿಗುವುದಿಲ್ಲ ಎಂಬ ಭಯವೇ ಅರ್ಧ ಮಾತ್ರೆಗಳನ್ನು ಬರೆಸುತ್ತದೆ. ಮತ್ತು ನೋವಿನ ಮಾತು ಸರ್ಜರಿಯ ಹಿಂದಿನ ಭೇಟಿಯಲ್ಲೇ ಆಗಬೇಕು. ಹುಡುಗನ ಬಾಯಲ್ಲಿ ಹತ್ತಿ, ಅಮ್ಮನ ಕೈಯಲ್ಲಿ ಎಂಟು ಫಾರ್ಮು, ಹೊರಗೆ ಕಾರು ತೆಗೆಯಲು ಹೋದ ಅಪ್ಪ. ಆ ಹೊತ್ತಿನಲ್ಲಿ ಚಟದ ಅಪಾಯ ವಿವರಿಸಿದ್ದೇನೆ ಎಂದು ಸಹಿ ಹಾಕಿಸಿಕೊಂಡರೆ ಅದು ವಿವರಣೆಯಲ್ಲ, ಸುಮ್ನೆ ಸಹಿ.

ಇನ್ನೂ ಒಂದಿದೆ. ಯಾರು ಎಷ್ಟು ಬರೆಯುತ್ತಾರೆ ಎಂಬ ಲೆಕ್ಕ ಪೂರ್ತಿ ನಿಮ್ಮ ಡಿವಿಷನ್ನಿನ ಕಂಪ್ಯೂಟರಿನಲ್ಲಿದೆ. ಆ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರತಿ ಹಲ್ಲಿನ ಡಾಕ್ಟರಿಗೆ ಗುಟ್ಟಾಗಿ ಕಳುಹಿಸಿ. ನಿಮ್ಮ ಸಂಖ್ಯೆ ಇಷ್ಟು, ನಿಮ್ಮಂಥವರ ಸರಾಸರಿ ಇಷ್ಟು. ಅಷ್ಟೇ. ದಂಡ ಬೇಡ, ಬೈಗುಳ ಬೇಡ. ಕೆಲವು ರಾಜ್ಯಗಳು ಈಗಾಗಲೇ ಇಂಥ ಪಟ್ಟಿ ಕಳುಹಿಸುತ್ತಿವೆ. ಡಾಕ್ಟರುಗಳು ಓದಿನ ಕಾಲದಿಂದಲೂ ಮಾರ್ಕ್ಸ್ ಕಾರ್ಡಿಗೆ ಹೆದರುವ ಜಾತಿ, ನಂಬಿ.

ಈಗ ಕನ್ನಡದ ಅಪ್ಪ ಅಮ್ಮಂದಿರಿಗೆ ನಾಲ್ಕು ಮಾತು.

ಹೈಸ್ಕೂಲ್ ಮುಗಿದು ಕಾಲೇಜು ಶುರುವಾಗುವ ಬೇಸಿಗೆಯಲ್ಲಿ ಬುದ್ಧಿಹಲ್ಲಿನ ಸೀಸನ್. ಡಾರ್ಮಿಗೆ ಹೋಗುವ ಮುಂಚೆ ಮುಗಿಸಿಬಿಡೋಣ ಎಂದು ಎಲ್ಲರೂ ಒಟ್ಟಿಗೆ ಬರುತ್ತಾರೆ. ಸರ್ಜರಿಗೆ ಮುಂಚೆ ಕೇಳಿ: ಓಪಿಯಾಯ್ಡ್ ಇಲ್ಲದೆ ನಡೆಯುತ್ತದಾ? ಮುಜುಗರ ಬೇಡ. ನಮ್ಮವರಲ್ಲಿ ಎರಡು ಬಗೆ ಇದ್ದಾರೆ. ಡಾಕ್ಟರು ಹೇಳಿದ ಮೇಲೆ ಮುಗಿಯಿತು ಎಂದು ಬಾಯಿ ಬಿಡದವರು ಒಂದು ಬಗೆ. ಇನ್ನೊಂದು ಬಗೆಯವರು, "ಡಾಕ್ಟ್ರೇ, ಸ್ವಲ್ಪ ಸ್ಟ್ರಾಂಗ್ ಆಗಿರೋದೇ ಬರೀರಿ, ಇನ್ಶೂರೆನ್ಸ್ ಕೊಡುತ್ತಲ್ಲ, ಮನೇಲಿ ಇದ್ರೆ ಯಾವಾಗಲಾದ್ರೂ ಆಗುತ್ತೆ" ಎನ್ನುವವರು. ಎರಡನೆಯವರಿಗೆ ಹೇಳುತ್ತೇನೆ: ಈ ಮಾತ್ರೆ ಯಾವಾಗಲಾದರೂ ಆಗುವಂಥದ್ದಲ್ಲ. ಉಳಿದದ್ದನ್ನು ಮಗನ ಡಾರ್ಮ್ ಬ್ಯಾಗಿಗೆ ತುರುಕಬೇಡಿ. ಅತ್ತೆಯ ಮಂಡಿನೋವಿಗೆ ಎಂದು ಊರಿಗೆ ಒಯ್ಯಬೇಡಿ, ಅಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ಸಿಕ್ಕಿಬೀಳುವ ಸರಕು ಅದು. ಪೊಲೀಸ್ ಠಾಣೆಯ ಡಬ್ಬಕ್ಕೆ ಹಾಕಿ. ಅದು ಹತ್ತಿರ ಇಲ್ಲದಿದ್ದರೆ ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಿ. ಎಲ್ಲ ಔಷಧಕ್ಕೂ ಇದು ಸರಿಯಲ್ಲ, ಆದರೆ ಹೈಡ್ರೋಕೋಡೋನ್, ಆಕ್ಸಿಕೋಡೋನ್ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಗೆ ಮಾಡಲು ಹೇಳಿದ ಪಟ್ಟಿಯಲ್ಲೇ ಇವೆ.

ಹಾಗೆಂದು ಕಾಂಬಿಫ್ಲಾಮ್ ಮೇಲೆ ಟೈಲೆನಾಲ್, ಅದರ ಮೇಲೆ ಆಡ್ವಿಲ್ ಎಂದು ರಾಶಿ ಹಾಕಬೇಡಿ. ಟೈಲೆನಾಲ್ ಎಂದರೆ ಪ್ಯಾರಾಸಿಟಮಾಲ್, ಆಡ್ವಿಲ್ ಎಂದರೆ ಐಬುಪ್ರೊಫೆನ್; ಕಾಂಬಿಫ್ಲಾಮ್ ಒಳಗೆ ಆ ಎರಡೂ ಇವೆ. ಹೈಡ್ರೋಕೋಡೋನ್ ಮಾತ್ರೆಯೊಳಗೂ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಬೆರೆತಿರುತ್ತದೆ, ಅದರ ಜೊತೆ ಟೈಲೆನಾಲ್ ಸೇರಿದರೆ ಲಿವರಿಗೆ ಪೆಟ್ಟು. ಹನ್ನೆರಡು ತುಂಬದ ಮಕ್ಕಳಿಗೆ ಕೊಡೀನ್, ಟ್ರಾಮಡಾಲ್ ಕೊಡಲೇಬಾರದು ಎಂದು ಎಫ್‌ಡಿಎ 2017ರಲ್ಲೇ ಹೇಳಿದೆ. ನಿಮ್ಮ ಮಗುವಿಗೆ ಎಷ್ಟು, ಎಷ್ಟು ಹೊತ್ತಿಗೆ ಎಂದು ನಿಮ್ಮ ಡಾಕ್ಟರಿಂದ ಬರೆಸಿಕೊಳ್ಳಿ. ಮೊದಲ ಡೋಸನ್ನು ಮರಗಟ್ಟಿದ್ದು ಬಿಡುವ ಮುಂಚೆಯೇ ಕೊಡಿ, ಆಮೇಲೆ ನೋವಿಗೆ ಕಾಯದೆ ಗಡಿಯಾರ ನೋಡಿ ಕೊಡಿ. ಮಾತ್ರೆ ಕೆಲಸ ಮಾಡಲಿಲ್ಲ ಎಂದು ಬರುವವರಲ್ಲಿ ಹೆಚ್ಚಿನವರು ತಡವಾಗಿ ತಗೊಂಡವರು.

ಬೋರ್ಡಿನ ಸದಸ್ಯರೇ, ಇದರ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಬರುತ್ತಿದೆ. ಅದು ಬರೀ ಪತ್ರವಲ್ಲ. ನಿಯಮ ಮಾಡಿ ಎಂದು ಯಾವ ಇಲಾಖೆಗೂ ಅರ್ಜಿ ಹಾಕುವ ಹಕ್ಕನ್ನು ಈ ರಾಜ್ಯದ ಕಾನೂನು ಕೊಟ್ಟಿದೆ. ಅರ್ಜಿ ಸಿಕ್ಕ 60 ದಿನದೊಳಗೆ ನೀವು ಅದನ್ನು ಒಪ್ಪಬೇಕು, ತಿರಸ್ಕರಿಸಬೇಕು, ಇಲ್ಲವೇ ಚರ್ಚೆಗೆ ಹಾಕಬೇಕು. ಆ ಅರ್ಜಿಯಾಗಿಯೇ ಇದನ್ನು ದಾಖಲಿಸಿಕೊಳ್ಳಿ. ತಿರಸ್ಕರಿಸುವುದಾದರೆ ಮೂವತ್ತು ಮಾತ್ರೆಯ ಲೆಕ್ಕಕ್ಕೆ ನಿಮ್ಮ ಉತ್ತರವನ್ನೂ ಬರೆಯಿರಿ. ಜೊತೆಗೆ ಸಹಿ ಹಾಕಲು ಬಯಸುವ ಹಲ್ಲಿನ ಡಾಕ್ಟರುಗಳು, ಫಾರ್ಮಸಿಸ್ಟರು, ಅಪ್ಪ ಅಮ್ಮಂದಿರು ತಮ್ಮದೇ ಮಾತಿನಲ್ಲಿ ಬೋರ್ಡಿಗೆ ಬರೆಯಬಹುದು. ಬೋರ್ಡಿನ ಸಭೆಗಳು ಸಾರ್ವಜನಿಕರಿಗೆ ತೆರೆದೇ ಇರುತ್ತವೆ. ಮುಂದಿನ ಸಭೆಗೆ ನಾನು ಬರುತ್ತೇನೆ.

ಇಂತಿ,
ಮಿಡ್ಲ್‌ಸೆಕ್ಸ್ ಕೌಂಟಿಯ ಒಬ್ಬ ಹಲ್ಲಿನ ಡಾಕ್ಟರ್